ಹದಿನಾಲ್ಕಲ್ಲ, ಮೂರು

ನಮ್ಮ ಚಿಕ್ಕಮ್ಮನಿಗೆ ಗಣಿಯವರು ಇಟ್ಟ ಹೆಸರು ಬಿರುಕಕ್ಕ. ಯಾರ ಮನೆಗೆ ಹೋದರೂ ಕೂರುವ ಮೊದಲು ಅವಳು ಗೋಡೆ ನೋಡುತ್ತಿದ್ದಳು. "ಇದು ಗಾರೆ ಒಣಗಿ ಬಿಟ್ಟಿರೋದು, ಪರವಾಗಿಲ್ಲ. ಆ ಮೂಲೇದು ಮಾತ್ರ ಪಾಯದಿಂದ ಬಂದಿದೆ, ಯಾರಿಗಾದ್ರೂ ತೋರ್ಸಿ" ಎಂದು ಹೇಳಿಯೇ ಚಹಾದ ಲೋಟಕ್ಕೆ ಕೈಚಾಚುವುದು. ಲೋಟದಲ್ಲಿ ಬಿರುಕಿದ್ದರೆ ಅದನ್ನೂ ಹೇಳದೆ ಬಿಡುತ್ತಿರಲಿಲ್ಲ. "ನಮ್ಮನೆಗೆ ಮೊದಲ ಸಲ ಬಂದಾಗ ನನ್ನ ಮುಖಾನೇ ನೋಡ್ಲಿಲ್ಲ, ಛಾವಣಿ ನೋಡಿ ಒಪ್ಕೊಂಡ್ಲು" ಎಂದು ಚಿಕ್ಕಪ್ಪ ನೆಂಟರೆದುರು ಹೇಳಿ ನಗುತ್ತಿದ್ದ. "ಛಾವಣಿ ಗಟ್ಟಿಯಾಗಿತ್ತು, ಏನ್ಮಾಡ್ಲಿ" ಎನ್ನುತ್ತಿದ್ದಳು ಅವಳು.

ಅವಳ ಕೆಲಸವೇ ಬಿರುಕು ಎಣಿಸುವುದು. ಗಣಿಯ ಹೆಬ್ಬಾಗಿಲಿನ ಪಕ್ಕದಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ ಒಂದಿದೆ. ನೆಲದೊಳಗೆ ಯಂತ್ರದಿಂದ ಕೊರೆದು ತೆಗೆದ ಕಲ್ಲಿನ ಸರಳುಗಳು, ಅಂದರೆ ಗಣಿಯವರು 'ಕೋರ್' ಎನ್ನುವವು, ಅಲ್ಲಿ ಮರದ ಪೆಟ್ಟಿಗೆಗಳಲ್ಲಿ ಸೂರಿನವರೆಗೂ ಪೇರಿಸಿರುತ್ತವೆ. ಒಂದೊಂದು ಸರಳೂ ಮಗುವಿನ ಮುಂಗೈಯಷ್ಟು ದಪ್ಪ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವುಗಳನ್ನು ತೊಳೆಯುವ ಕೆಲಸಕ್ಕೆಂದು ಸೇರಿದ ಚಿಕ್ಕಮ್ಮ ಓದಿದ್ದು ಹತ್ತನೇ ಕ್ಲಾಸು. ಆಗ ಅಲ್ಲಿದ್ದ ಮುದಿ ಭೂವಿಜ್ಞಾನಿಯೊಬ್ಬರು, ತೊಳೆಯುವ ಹುಡುಗಿ ಪ್ರತಿ ತುಂಡನ್ನೂ ತಿರುವಿ ತಿರುವಿ ನೋಡುವುದನ್ನು ಕಂಡು, ತಮ್ಮ ಮಸೂರವನ್ನು ಅವಳ ಕೈಗಿತ್ತು ಕಲಿಸಿದರು. ಅವರು ನಿವೃತ್ತರಾಗುವ ಹೊತ್ತಿಗೆ ಕೋರ್ ಓದಿ ದಾಖಲಿಸುವ ಕೆಲಸ ಅವಳದಾಗಿತ್ತು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದಳು. ಆದರೆ ಒಮ್ಮೆಯೂ ಗಣಿಯೊಳಗೆ ಇಳಿದವಳಲ್ಲ. ಹೆಂಗಸರು ಇಳಿಯಕೂಡದೆಂಬ ನಿಯಮ ಹೋಗಿ ಆರು ವರ್ಷವಾಗಿದ್ದರೂ, ಶೆಡ್ಡಿನವಳಿಗೆ ಕೆಳಗೇನು ಕೆಲಸ ಎಂದು ಯಾರೂ ಕರೆದಿರಲಿಲ್ಲ.

ಚಿಕ್ಕಪ್ಪ ಆ ಸರಳುಗಳನ್ನು ತೆಗೆಯುವ ಕೊರೆಯಂತ್ರದ ಚಾಲಕನಾಗಿದ್ದ. ಈ ಸಂಗತಿ ನಡೆದಾಗ ಅವನು ಕೆಲಸದಿಂದ ನಿವೃತ್ತನಾಗಿ ಒಂದು ವರ್ಷ. ನಾನು ಅವರ ಮನೆಯಲ್ಲೇ ಬೆಳೆದು, ಅದೇ ಗಣಿಯ ನಕ್ಷೆ ಕಚೇರಿ ಸೇರಿದ್ದೆ. ಹೀಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಹಳೆಯ ಗಣಿಯ ತಾಮ್ರ ಮುಗಿಯುತ್ತ ಬಂದಿತ್ತು. ಅದರ ಕೆಳಗೆ ಭಾರಿ ಅದಿರುಗಡ್ಡೆಯೊಂದಿರುವುದು ಕೊರೆದು ನೋಡಿ ಗೊತ್ತಾಗಿತ್ತು. ಏಳುನೂರು ಮೀಟರ್ ಉದ್ದ, ನೂರೈವತ್ತು ಅಗಲ, ಮುನ್ನೂರು ಎತ್ತರ. ನಮ್ಮ ಊರಿನ ದೊಡ್ಡ ಬೀದಿಯನ್ನು ಅಂಗಡಿ, ಆಸ್ಪತ್ರೆ ಸಮೇತ ಅದರೊಳಗೆ ಇಟ್ಟರೂ ಮೇಲೆ ಹತ್ತು ಬೀದಿಗೆ ಜಾಗ ಉಳಿಯುತ್ತಿತ್ತು. ಅದನ್ನು ಯಾವ ಪದ್ಧತಿಯಲ್ಲಿ ತೆಗೆಯುವುದು ಎಂಬುದೇ ಆ ವರ್ಷದ ದೊಡ್ಡ ಪ್ರಶ್ನೆ.

ಎದುರಿಗಿದ್ದದ್ದು ಎರಡು ದಾರಿ. ಮೊದಲನೆಯದು ಕುಸಿತದ ಪದ್ಧತಿ. ಗಡ್ಡೆಯ ಅಡಿಯನ್ನಷ್ಟೇ ಕತ್ತರಿಸಿ ಬಿಟ್ಟುಬಿಡುವುದು. ಮೇಲಿನ ಕಲ್ಲು ತನ್ನ ಭಾರಕ್ಕೆ ತಾನೇ ಮುರಿದು ಕೆಳಗೆ ಸುರಿಯುತ್ತ ಹೋಗುತ್ತದೆ, ನಾವು ತುಂಬಿ ಸಾಗಿಸುತ್ತ ಹೋಗುವುದು. ಕೆಲಸ ಬೇಗ, ಖರ್ಚು ಕಡಿಮೆ. ಆದರೆ ಕಲ್ಲಿನ ತುಂಬ ಬಿರುಕಿರಬೇಕು. ಗಟ್ಟಿ ಕಲ್ಲಾದರೆ ಸುರಿಯದೆ ಸೇತುವೆಯಂತೆ ತೂಗಿ ನಿಲ್ಲುತ್ತದೆ. ಕೆಳಗಿನ ಪೊಳ್ಳು ದೊಡ್ಡದಾಗುತ್ತ ಹೋಗಿ, ಒಂದು ದಿನ ಎಲ್ಲವೂ ಒಮ್ಮೆಗೇ ಬಿದ್ದರೆ, ಅಡಿಯಲ್ಲಿ ಸಿಕ್ಕಿದ ಗಾಳಿ ಸುರಂಗಗಳಲ್ಲಿ ನುಗ್ಗಿ ಎದುರಿಗಿದ್ದವರನ್ನು ತರಗೆಲೆಯ ಹಾಗೆ ಎತ್ತಿ ಒಗೆಯುತ್ತದೆ. ಎರಡನೆಯದು ಕೋಣೆಯ ಪದ್ಧತಿ. ಎತ್ತರದ ಕೋಣೆಗಳಂತೆ ಒಂದು ಬಿಟ್ಟು ಒಂದು ಭಾಗದ ಅದಿರನ್ನು ಸಿಡಿಸಿ ತೆಗೆದು, ಖಾಲಿಯಾದ ಕೋಣೆಗೆ ಮರಳು ಸಿಮೆಂಟು ಕಲಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಉಳಿಸಿದ್ದನ್ನು ತೆಗೆಯುವುದು. ಇದಕ್ಕೆ ಗಟ್ಟಿ ಕಲ್ಲೇ ಬೇಕು. ಕೆಲಸ ನಿಧಾನ, ಖರ್ಚು ಜಾಸ್ತಿ.

ಹೊರಗಿನಿಂದ ಬಂದ ಸಲಹೆಗಾರರೊಬ್ಬರು ಅಂಕಿಗಳನ್ನೆಲ್ಲ ಅಳೆದು ಸುರಿದು, ಕುಸಿತದ ಪದ್ಧತಿಯೇ ಸರಿ ಎಂದಿದ್ದರು. ಅವರ ವರದಿಗೆ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಸಂಜೆ ಊಟಕ್ಕೆ ಕುಳಿತಾಗ ಮಾತಿಗೆ ಮಾತು ಬಂದು ನಾನೆಂದೆ: "ಚಿಕ್ಕಮ್ಮ, ನಡುಭಾಗ ಪೂರ್ತಿ ಪುಡಿ ಪುಡಿ. ಮೀಟರಿಗೆ ಹದಿನಾಲ್ಕು ಬಿರುಕು. ತಳ ಕತ್ತರಿಸಿದ್ರೆ ಸಾಕಂತೆ, ಸಕ್ಕರೆ ಸುರಿದ ಹಾಗೆ ಸುರಿಯುತ್ತಂತೆ."

ತುತ್ತು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಎಷ್ಟು ಅಂದೆ?"

"ಹದಿನಾಲ್ಕು."

"ಆ ಕಲ್ಲಿಗಾ? ಅದರ ಎಡಗಡೆ ಕೊರೆದ ತೂತುಗಳ ಲೆಕ್ಕ ನಾನೇ ಬರೆದಿದ್ದೀನಿ, ಮೀಟರಿಗೆ ಮೂರು. ಬಲಗಡೇದೂ ನಾನೇ, ಮೂರು. ನಡುವೆ ಮಾತ್ರ ಹದಿನಾಲ್ಕು ಎಲ್ಲಿಂದ ಬಂತು?"

ನಡುವಿನ ಹನ್ನೊಂದು ತೂತುಗಳನ್ನು ಕೊರೆದ ಕಾಲದಲ್ಲಿ ಅವಳು ಊರಲ್ಲಿರಲಿಲ್ಲ. ನಮ್ಮಜ್ಜಿ ಸೊಂಟದ ಮೂಳೆ ಮುರಿದುಕೊಂಡಿದ್ದರಿಂದ ಐದು ತಿಂಗಳು ಅವರ ಬಳಿ ಇದ್ದಳು. ಆ ಕೋರುಗಳನ್ನು ಬಾಡಿಗೆ ತಂಡವೊಂದು ಬಂದು ಅವಸರದಲ್ಲಿ ಎಣಿಸಿ ಹೋಗಿತ್ತು.

"ಎಂಜಿನಿಯರಿಂಗ್ ಓದಿದೋರು ಸುಮ್ನೆ ಬರೀತಾರಾ? ನಮಗ್ಯಾಕೆ ದೊಡ್ಡವರ ಉಸಾಬರಿ?" ಎಂದ ಚಿಕ್ಕಪ್ಪ, ಯಾಕೋ ತಟ್ಟೆಯಿಂದ ತಲೆ ಎತ್ತದೆ.

ಮರುದಿನ ಬೆಳಿಗ್ಗೆ ಅವಳು ಮುಖ್ಯ ಎಂಜಿನಿಯರ್ ಕೋಣೆಯ ಮುಂದೆ ನಿಂತಿದ್ದಳು. ಅವರು ಕೆಟ್ಟವರಲ್ಲ, ಅವಸರದವರು. ಐದು ವಾರದಲ್ಲಿ ಆಡಳಿತ ಮಂಡಳಿಯ ಮುಂದೆ ತೀರ್ಮಾನ ಇಡಬೇಕಿತ್ತು.

"ನೋಡಮ್ಮ, ಎರಡು ಗಟ್ಟಿ ಭಾಗದ ನಡುವೆ ಒಡೆದ ಪಟ್ಟಿ ಇರೋದು ಹೊಸದೇನಲ್ಲ."

"ಇರಬಹುದು ಸಾರ್. ಆದ್ರೆ ಒಡೆದಿದ್ದು ಭೂಮಿಯಾ, ಮನುಷ್ಯನಾ ಅಂತ ಒಂದ್ಸಲ ನೋಡ್ಬೇಕಲ್ಲ. ನೆಲದೊಳಗಿನ ಬಿರುಕಿಗೆ ಬಣ್ಣ ಇರುತ್ತೆ. ನೀರು ಹರಿದ ಕಲೆ, ಹಸಿರು ಪೊರೆ, ಏನಾದ್ರೊಂದು. ಕೊರೆಯುವಾಗ ಮುರಿದಿದ್ದು ಹಸಿಯಾಗಿರುತ್ತೆ. ಎರಡೂ ತುಂಡು ಸೇರಿಸಿದ್ರೆ ಗೆರೇನೂ ಕಾಣಲ್ಲ. ಆ ತಂಡದೋರು ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದಾರೋ ಏನೋ."

"ಹನ್ನೊಂದು ತೂತು ಅಂದ್ರೆ ನಾಲ್ಕು ಸಾವಿರ ಮೀಟರ್ ಮೇಲಿದೆ. ಯಾರು ನೋಡ್ತಾರೆ?"

"ನಾನು."

ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. "ಮೂರು ವಾರ. ಒಂದು ದಿನ ಹೆಚ್ಚಿಲ್ಲ" ಎಂದರು. ಅವಳ ಸಹಾಯಕ್ಕೆ ನನ್ನನ್ನು ಬಿಟ್ಟುಕೊಟ್ಟರು.

ಆ ಮೂರು ವಾರ ನನ್ನ ಸೊಂಟಕ್ಕೆ ಇನ್ನೂ ನೆನಪಿದೆ. ಒಂದೊಂದು ಪೆಟ್ಟಿಗೆಯೂ ತುಂಬಿದ ಕೊಡಕ್ಕಿಂತ ಭಾರ. ಇಳಿಸಿ ಮೇಜಿನ ಮೇಲಿಟ್ಟು, ನೀರು ಚಿಮುಕಿಸಿ, ಬ್ರಷ್ಷಿನಲ್ಲಿ ಉಜ್ಜಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಮಸೂರ ಹಿಡಿದು ಬಾಗಿರುತ್ತಿದ್ದಳು. ಭೂಮಿಯ ಬಿರುಕಿಗೆ ಕೆಂಪು ಗುರುತು, ಮನುಷ್ಯ ಮುರಿದದ್ದಕ್ಕೆ ನೀಲಿ. ಮೊದಲ ದಿನ ಕೆಂಪು ಸೀಮೆಸುಣ್ಣ ಅರ್ಧ ತುಂಡು ಸವೆದರೆ ನೀಲಿ ನಾಲ್ಕು ತುಂಡು ಮುಗಿದಿತ್ತು. ಅವಳು ಹಿಗ್ಗಲಿಲ್ಲ. ಆ ಹನ್ನೊಂದರಲ್ಲಿ ಉತ್ತರದ ತುದಿಯ ಎರಡು ತೂತುಗಳಲ್ಲಿ ಕೆಂಪೇ ಹೆಚ್ಚಾದಾಗ ನನಗೆ ಪಿಚ್ಚೆನಿಸಿತು. "ಇವನ್ನ ಆಮೇಲೆ ನೋಡೋಣ್ವಾ?" ಎಂದೆ. "ಯಾಕೆ? ನಮ್ಮ ಮಾತಿಗೆ ತಕ್ಕ ಹಾಗೆ ಕಲ್ಲು ಇರ್ಬೇಕಾ?" ಎಂದು ಗದರಿ, ಅಷ್ಟನ್ನೂ ಕೆಂಪಿನಲ್ಲೇ ಬರೆದಳು.

ಎರಡನೇ ವಾರದ ಮಧ್ಯದಲ್ಲಿ ಚಿಕ್ಕಪ್ಪ ಊಟದ ಡಬ್ಬಿ ತಂದುಕೊಡಲು ಶೆಡ್ಡಿಗೆ ಬಂದ. ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಕೋರುಗಳ ಮೈತುಂಬ ನೀಲಿ ಗುರುತು. ಅವನು ಒಂದು ತುಂಡನ್ನೆತ್ತಿ, ಅದರ ಅಂಚಿನಲ್ಲಿದ್ದ ಉಗುರಿನಷ್ಟಗಲದ ಬಿಳಿಯ ಜಜ್ಜುಗಾಯವನ್ನು ಹೆಬ್ಬೆರಳಿನಿಂದ ಸವರಿದ. ಮತ್ತೆ ಹಾಗೇ ಇಟ್ಟ. "ಯಾರೋ ಸುತ್ತಿಗೇಲಿ ಹೊಡೆದಿದ್ದಾರೆ ಕಣ್ರೀ" ಎಂದಳು ಚಿಕ್ಕಮ್ಮ, ತಲೆ ಎತ್ತದೆ. ಅವನು ಡಬ್ಬಿ ಬಿಚ್ಚದೆ ಹೊರಟುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನ ಮುಖ ಹಾಗಿತ್ತು.

ಮಾರನೆಯ ಬೆಳಿಗ್ಗೆ ನಾವು ಶೆಡ್ಡಿನ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕುಳಿತಿದ್ದ.

"ಅದು ನನ್ನ ಪೆಟ್ಟು" ಎಂದ. "ಹನ್ನೊಂದು ತೂತೂ ನಾನೇ ಕೊರೆದಿದ್ದು. ಕಲ್ಲು ಹಿಡಿಯೋ ಒಳಕೊಳವೆ ಸೊಟ್ಟಗಾಗಿತ್ತು, ಕೋರ್ ಸಿಕ್ಕಿಕೊಳ್ಳೋದು. ಹೊಸ ಕೊಳವೆ ಬರೋಕೆ ನಾಲ್ಕು ತಿಂಗಳು ಅಂದ್ರು. ದಿನಕ್ಕೆ ಇಷ್ಟು ಮೀಟರ್ ಅಂತ ಗುರಿ ಬೇರೆ. ಕೊಳವೇನ ತೂಗುಹಾಕಿ ಸುತ್ತಿಗೇಲಿ ಬಡೀತಿದ್ದೆ, ಒಳಗಿನ ಕಲ್ಲು ಚೂರು ಚೂರಾಗಿ ಬೀಳೋದು. ಪೆಟ್ಟಿಗೇಲಿ ಹಿಡಿಸದ್ದಕ್ಕೆ ಮತ್ತೊಂದೇಟು. ಡೈರೀಲಿ ಏನೂ ಬರೀಲಿಲ್ಲ. ಯಂತ್ರ ಸರಿಯಾಗಿ ನಡೆಸೋಕೆ ಬರಲ್ಲ ಅಂದುಬಿಟ್ರೆ ಅಂತ."

ಚಿಕ್ಕಮ್ಮ ಅವನನ್ನೇ ನೋಡುತ್ತ ನಿಂತಳು. ಇವತ್ತು ಅವನ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ.

"ಇಷ್ಟು ದಿನ ಮನೇಲಿ ಹೇಳ್ಲಿಲ್ಲವಲ್ರೀ" ಎಂದಳು. ಆಮೇಲೆ ಬೀಗ ತೆರೆದು, ಒಂದು ನೀಲಿ ಸೀಮೆಸುಣ್ಣವನ್ನು ಅವನ ಕೈಗಿಟ್ಟಳು. "ಬನ್ನಿ. ನಿಮ್ಮ ಪೆಟ್ಟೆಲ್ಲ ನೀವೇ ಗುರುತು ಮಾಡಿ. ನನಗೆ ಅಷ್ಟು ಕೆಲಸ ಉಳಿಯುತ್ತೆ."

ಅಂದಿನಿಂದ ಮೂವರಾದೆವು. ಅವರಿಬ್ಬರೂ ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರು ಪರೀಕ್ಷಿಸಿ ಜಗಳವಾಡುತ್ತಿದ್ದರು. "ಇದು ನಾನು ಮುರಿದಿದ್ದಲ್ಲ ಮಾರಾಯ್ತಿ, ಪೊರೆ ಕಾಣಲ್ವಾ?" "ಪೊರೆ ಅಲ್ಲ ಅದು, ನಿಮ್ಮ ಯಂತ್ರದ ಗ್ರೀಸು!" ಉಜ್ಜಿ ನೋಡಿದರೆ ಗ್ರೀಸೇ ಆಗಿರುತ್ತಿತ್ತು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಕೊನೆಯ ಪೆಟ್ಟಿಗೆ ಮುಗಿಯಿತು. ನಾನು ಮೂರು ಸಲ ಕೂಡಿ ಭಾಗಿಸಿದೆ. ಉತ್ತರದ ಆ ಎರಡು ತೂತು ಬಿಟ್ಟರೆ ನಡುಭಾಗದಲ್ಲಿ ಮೀಟರಿಗೆ ಮೂರು ಬಿರುಕು. ಹದಿನಾಲ್ಕರಲ್ಲಿ ಉಳಿದ ಹನ್ನೊಂದು ಮುರುಕು ಚಿಕ್ಕಪ್ಪನ ಸುತ್ತಿಗೆಯವು.

ಸಭೆ ಶೆಡ್ಡಿನಲ್ಲೇ ನಡೆಯಬೇಕೆಂದು ಚಿಕ್ಕಮ್ಮ ಹಟ ಹಿಡಿದಳು. ಸಲಹೆಗಾರರು ಬಂದರು. ಬೆಳ್ಳನೆಯ ಗಡ್ಡ, ಮೂವತ್ತು ಗಣಿ ನೋಡಿದ ಅನುಭವ. ಅವರ ಕೈಗೆ ಅವಳು ಎರಡು ಜೊತೆ ತುಂಡುಗಳನ್ನು ಕೊಟ್ಟಳು. ಮೊದಲ ಜೊತೆ ಸೇರಿಸಿದಾಗ ಕೂದಲೆಳೆಯ ಗೆರೆಯೂ ಕಾಣಲಿಲ್ಲ. ಎರಡನೆಯ ಜೊತೆಯ ಮುಖಗಳಲ್ಲಿ ಹಸಿರು ಪೊರೆ, ಬೆರಳಿಗೆ ಸಾಬೂನಿನಂತೆ ಜಾರಿತು. ಅವರು ತುಂಬಾ ಹೊತ್ತು ತಿರುಗಿಸಿ ನೋಡಿದರು.

"ಎರಡು ಮಾದರಿ ಸರಿ. ಆದರೆ ಇಷ್ಟು ಸಾವಿರ ಮುರುಕಿನಲ್ಲಿ ಸುತ್ತಿಗೆಯದು ಯಾವುದು ಅಂತ ಐದು ವರ್ಷ ಆದ್ಮೇಲೆ ಯಾರು ಹೇಳೋಕಾಗುತ್ತೆ?"

ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಮುಂದೆ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ. "ಹೊಡೆದವನು ಹೇಳಬಹುದಲ್ವಾ ಸಾರ್?" ಎಂದ. ಸೊಟ್ಟ ಕೊಳವೆಯ ಕಥೆಯನ್ನು ಏನನ್ನೂ ಮುಚ್ಚಿಡದೆ ಹೇಳಿದ. ಅವನ ಕೈಕೆಳಗೆ ಕೆಲಸ ಕಲಿತಿದ್ದ ಇಬ್ಬರು ಕೊರೆಯಂತ್ರದವರೂ ಅಲ್ಲಿದ್ದರು, ಅವರೆದುರಿಗೇ ಹೇಳಿದ. ಮೂವತ್ತೆರಡು ವರ್ಷ ತನ್ನಂಥ ಕೊರೆಯುವವನಿಲ್ಲ ಎಂದು ಎದೆಯುಬ್ಬಿಸಿ ತಿರುಗಿದ ಮನುಷ್ಯ ಅವನು.

ಅದನ್ನು ಕೇಳಿ ಸಲಹೆಗಾರರು ಚಿಕ್ಕಮ್ಮನ ಕಡೆ ತಿರುಗಿದರು. "ಪರೀಕ್ಷಾ ಸುರಂಗ ಈ ವಾರ ಗಡ್ಡೆಯ ನಡುಭಾಗ ಮುಟ್ಟಿದೆಯಂತೆ. ಅಲ್ಲಿ ಗೋಡೆ ಮೇಲೆ ಸುತ್ತಿಗೆ ಏಟೇನೂ ಇರಲ್ಲ. ನಾಳೆ ನಾನೂ ನೀವೂ ಇಳಿದು ಎಣಿಸೋಣ. ನೀವು ಆ ತುದಿಯಿಂದ, ನಾನು ಈ ತುದಿಯಿಂದ. ಏನಂತೀರಿ?"

"ನಾನಾ? ಕೆಳಗಾ?" ಎಂದಳು ಚಿಕ್ಕಮ್ಮ. ಆಮೇಲೆ, "ಬೂಟು ಯಾರು ಕೊಡ್ತಾರೆ?" ಎಂದು ಕೇಳಿದಳು.

ಬೂಟು ಚಿಕ್ಕಪ್ಪನದೇ. ಎರಡು ಜೊತೆ ಕಾಲುಚೀಲ ತುರುಕಿ, ಅವನೇ ಮಂಡಿಯೂರಿ ಲಾಡಿ ಬಿಗಿದ. "ಇಳಿಯುವಾಗ ಕಿವಿ ಕಟ್ಟುತ್ತೆ, ಉಗುಳು ನುಂಗು. ಲಿಫ್ಟಿನ ಪಂಜರದ ಬಾಗಿಲಿಗೆ ಒರಗಬೇಡ. ಹೆದರಿಕೆ ಆದ್ರೆ..."

"ಹೆದರಿಕೆ ಆದ್ರೆ ಛಾವಣಿ ನೋಡ್ತೀನಿ ಬಿಡ್ರಿ."

ಎಂಜಿನಿಯರೂ ನಾನೂ ಸೇರಿ ನಾಲ್ವರು ಆರುನೂರ ಇಪ್ಪತ್ತು ಮೀಟರ್ ಇಳಿದೆವು. ಸುರಂಗದ ಗೋಡೆಯನ್ನು ಪೈಪಿನಿಂದ ತೊಳೆದಿದ್ದರು. ಹೆಲ್ಮೆಟ್ಟಿನ ದೀಪ ಬಿದ್ದ ಕಡೆಯಲ್ಲೆಲ್ಲ ಬೂದುಗಪ್ಪು ಕಲ್ಲಿನೊಳಗೆ ತಾಮ್ರದ ಹಳದಿ ಚುಕ್ಕೆಗಳು ಮಿನುಗಿದವು. ಚಿಕ್ಕಮ್ಮ ಟೇಪು ಹಿಡಿಯುವುದನ್ನೂ ಮರೆತು ನಿಂತುಬಿಟ್ಟಳು. ಇಪ್ಪತ್ತಾರು ವರ್ಷ ಮುಂಗೈ ದಪ್ಪದ ಸರಳಿನಲ್ಲಿ ಮಾತ್ರ ನೋಡಿದ್ದ ಕಲ್ಲು ಈಗ ಎಡಬಲದಲ್ಲಿ, ತಲೆಯ ಮೇಲೆ, ಕಾಲಡಿಯಲ್ಲಿ, ಕೊನೆಯಿಲ್ಲದೆ ಹಬ್ಬಿತ್ತು. ಕೈಗವುಸು ಕಳಚಿ ಗೋಡೆಗೆ ಅಂಗೈ ಒತ್ತಿದಳು. "ಇಷ್ಟೊಂದು ಇದೆಯಾ!" ಎಂದಳು. ಕಣ್ಣು ತುಂಬಿತ್ತು. ಎಂಜಿನಿಯರ್ ಬೇರೆಲ್ಲೋ ನೋಡಿದರು.

ಆಮೇಲೆ ಕೆಲಸ. ನಲವತ್ತು ಮೀಟರ್ ಟೇಪು ಎಳೆದರು. ಗೋಡೆಯಲ್ಲಿ ಸಿಡಿಮದ್ದಿನ ತೂತಿನ ಸುತ್ತ ಚಕ್ರದ ಕಡ್ಡಿಗಳಂತೆ ಹರಡಿದ್ದ ಹೊಸ ಸೀಳುಗಳನ್ನು ಚಿಕ್ಕಮ್ಮ ಎಣಿಸದೆ ಬಿಟ್ಟು ನಡೆದದ್ದನ್ನು ಸಲಹೆಗಾರರು ದೂರದಿಂದಲೇ ಗಮನಿಸಿ ತಲೆದೂಗಿದರು. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಬರೆದು ಎಂಜಿನಿಯರ್ ಕೈಗೆ ಕೊಡಬೇಕೆಂದು ಒಪ್ಪಂದ. ಎಂಜಿನಿಯರ್ ದೀಪದಡಿ ಎರಡೂ ಚೀಟಿ ಬಿಡಿಸಿದರು. ಒಂದರಲ್ಲಿ ನೂರ ಹದಿನೆಂಟು. ಇನ್ನೊಂದರಲ್ಲಿ ನೂರ ಇಪ್ಪತ್ತೆರಡು. ಮೀಟರಿಗೆ ಮೂರು.

ಸಲಹೆಗಾರರು ಹೋ ಎಂದು ನಕ್ಕರು. ಸೋತವರ ನಗೆಯಲ್ಲ ಅದು. ಗುಂಡಿಗೆ ಬೀಳುವುದರಲ್ಲಿದ್ದವರನ್ನು ಯಾರೋ ಅಂಗಿಯ ಕಾಲರು ಹಿಡಿದು ಎಳೆದಾಗ ಬರುವಂಥದ್ದು. "ನಾಲ್ಕು ಹೆಚ್ಚು ಎಣಿಸಿದ್ದು ಯಾರು?" ಎಂದರು.

"ನಾನೇ" ಎಂದಳು ಚಿಕ್ಕಮ್ಮ. "ನೀವು ನಾಲ್ಕು ಬಿಟ್ಟಿದ್ದೀರಿ. ಬನ್ನಿ ತೋರಿಸ್ತೀನಿ." ತೋರಿಸಿಯೂ ತೋರಿಸಿದಳು.

ಕುಸಿತದ ಪದ್ಧತಿ ಅಂದೇ ಬಿದ್ದುಹೋಯಿತು. ಸಲಹೆಗಾರರು ತಮ್ಮ ವರದಿಯನ್ನು ತಾವೇ ಹರಿದು ಹೊಸದಾಗಿ ಬರೆದರು. ಮೊದಲ ಪುಟದಲ್ಲೇ ಚಿಕ್ಕಮ್ಮನ ಹೆಸರೂ ಚಿಕ್ಕಪ್ಪನ ಹೆಸರೂ ಇದ್ದವು. ಕೋಣೆಯ ಪದ್ಧತಿ ಎಂದು ತೀರ್ಮಾನವಾದ ಮೇಲೆ, ಕೋಣೆ ಎಷ್ಟು ಅಗಲವಿರಬೇಕೆಂದು ಗೊತ್ತುಮಾಡಲು ಎಂಜಿನಿಯರ್ ಅವಳ ಕೆಂಪು ಗುರುತುಗಳನ್ನೇ ಹಿಡಿದು ಕುಳಿತರು. ನಡುಭಾಗದಲ್ಲಿ ಇಪ್ಪತ್ತೈದು ಮೀಟರ್. ನಿಜವಾಗಿ ಒಡೆದಿದ್ದ ಉತ್ತರದ ತುದಿಯಲ್ಲಿ ಹನ್ನೆರಡೇ. ಅಂದು ನನ್ನ ಮಾತು ಕೇಳಿ ಆ ಎರಡು ತೂತನ್ನು ಬದಿಗಿಟ್ಟಿದ್ದರೆ ಅಲ್ಲಿ ಯಾರ ತಲೆಯ ಮೇಲೆ ಏನು ಬೀಳುತ್ತಿತ್ತೋ ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡೂವರೆ ವರ್ಷದ ಮೇಲೆ ಮೊದಲ ಕೋಣೆ ಖಾಲಿಯಾಯಿತು. ಎಪ್ಪತ್ತೈದು ಮೀಟರ್ ಎತ್ತರ. ಒಳಗೆ ಮನುಷ್ಯರು ಹೋಗುವಂತಿಲ್ಲ, ಬೆಳಕಿನ ಕಿರಣ ಬಿಟ್ಟು ಅಳೆಯುವ ಉಪಕರಣವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದರ ಚಿತ್ರ ನನ್ನ ಮೇಜಿಗೇ ಬಂತು. ನಾನು ಬರೆದ ನಕ್ಷೆಯ ಮೇಲೆ ಇಟ್ಟು ನೋಡಿದರೆ ಗೆರೆಗೆ ಗೆರೆ ಕೂಡಿತು. ಛಾವಣಿಯಿಂದ ಒಂದು ಚಕ್ಕೆಯಷ್ಟೂ ಕಳಚಿರಲಿಲ್ಲ. ಎಂಜಿನಿಯರ್ ಆ ಚಿತ್ರವನ್ನು ನೋಡುತ್ತ, "ತಾನಾಗೇ ಬೀಳುತ್ತೆ ಅಂತ ಹೊರಟಿದ್ವಲ್ಲ, ಈ ಕಲ್ಲನ್ನ" ಎಂದು ಮೆಲ್ಲಗೆ ಹೇಳಿದರು.

ಆ ಕೋಣೆ ತುಂಬಿತು, ಅದರಾಚೆಯದೂ ತುಂಬಿತು. ನಿಜವಾದ ಪರೀಕ್ಷೆ ನಡುವೆ ಉಳಿಸಿದ್ದನ್ನು ತೆಗೆದಾಗ. ಈಗ ಎರಡು ಬದಿಯ ಗೋಡೆ ಕಲ್ಲಿನವಲ್ಲ, ನಾವೇ ಕಲಸಿ ತುಂಬಿದ ಮರಳು ಸಿಮೆಂಟಿನವು. ಅವು ನಿಂತರೆ ಇಡೀ ಗಡ್ಡೆಯನ್ನು ತೆಗೆಯಬಹುದು. ಕುಸಿದರೆ ಅರ್ಧ ಅದಿರು ಅಲ್ಲೇ ಉಳಿದಂತೆ. ಕೊನೆಯ ಸಿಡಿತವಾಗಿ, ಆ ಅದಿರೂ ಪೂರ್ತಿ ಹೊರಬಿದ್ದ ದಿನ ಎಂಜಿನಿಯರ್ ಶೆಡ್ಡಿಗೆ ತಾವೇ ನಡೆದು ಬಂದು ಚಿಕ್ಕಮ್ಮನನ್ನು ಕರೆದರು. ಚಿಕ್ಕಪ್ಪನನ್ನೂ ಕರೆದರು. ಅವನು ಈಗ ವಾರಕ್ಕೆರಡು ದಿನ ಹೊಸ ಕೊರೆಯಂತ್ರದವರಿಗೆ ಪಾಠ ಹೇಳಲು ಬರುತ್ತಿದ್ದ. ಪಾಠದ ಮೊದಲ ಮಾತು ಒಂದೇ: "ಒಡೆದ್ರೆ ಒಡೆದೆ ಅಂತ ಡೈರೀಲಿ ಬರೀರಿ. ಮಾನ ಏನೂ ಹೋಗಲ್ಲ."

ಮೇಲಿನ ಸುರಂಗದ ಬಾಯಲ್ಲಿ ಕಬ್ಬಿಣದ ಅಡ್ಡಗಂಬಿಯ ಹಿಂದೆ ನಾವೆಲ್ಲ ನಿಂತೆವು. ದೊಡ್ಡ ದೀಪ ಹಾಕಿದರು. ಎದುರಿಗೆ ಕತ್ತಲೆಯ ಬಾವಿ. ಎರಡೂ ಬದಿಯಲ್ಲಿ ಬೂದುಬಣ್ಣದ ಗೋಡೆಗಳು, ಕರಣೆಯಲ್ಲಿ ಸವರಿದಂತೆ ನೆಟ್ಟಗೆ, ಕೆಳಗೆ ಕಣ್ಣು ಹಾಯುವವರೆಗೂ ನಿಂತಿದ್ದವು. ಚಿಕ್ಕಮ್ಮ ಮೇಲಿಂದ ಕೆಳಗಿನವರೆಗೆ, ಎಡದಿಂದ ಬಲದವರೆಗೆ ನಿಧಾನವಾಗಿ ನೋಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಮ್ಮ?" ಎಂದರು ಎಂಜಿನಿಯರ್, ತಡೆಯಲಾರದೆ.

"ಒಂದೂ ಇಲ್ಲ ಸಾರ್" ಎಂದಳು.

ಯಾರು ಮೊದಲು ಕೂಗಿದರೋ ಗೊತ್ತಿಲ್ಲ. ಒಬ್ಬರ ಹಿಂದೊಬ್ಬರು ಕೂಗಿ ಚಪ್ಪಾಳೆ ತಟ್ಟಿದೆವು. ಆ ಪೊಳ್ಳು ಅದನ್ನು ನುಂಗಿ ಹತ್ತು ಪಟ್ಟು ಮಾಡಿ ಹಿಂದಿರುಗಿಸಿತು. ಚಿಕ್ಕಪ್ಪ ಹೆಲ್ಮೆಟ್ ತೆಗೆದು ಬೀಸುತ್ತಿದ್ದ. "ಮೊದಲು ಅದನ್ನ ತಲೆ ಮೇಲಿಡ್ರೀ" ಎಂದು ಚಿಕ್ಕಮ್ಮ ಗದರಿದ್ದು ಆ ಗದ್ದಲದಲ್ಲಿ ಅವನಿಗೆ ಕೇಳಿಸಲೇ ಇಲ್ಲ.